ಹುಂಜದ ಹಕ್ಕಳೆ

ಕಥೆ ಹೇಳಿ ಅಭ್ಯಾಸವಿಲ್ಲ, ತಪ್ಪಿದರೆ ಕ್ಷಮಿಸಿ. ಪಕ್ಕದ ಗೂಡಿನ ಕೋಳಿಗಳಿಗೆ ಸಿಡುಬೆದ್ದು ಜುಟ್ಟುಗಳೆಲ್ಲ ಹಾಳಾಗಿದ್ದವು. ಕೋಳಿಗೂ ಸಿಡುಬು ಬರುತ್ತದೆ, ಗೊತ್ತಿರಲಿ. ಅದಕ್ಕೇ ಡಾಕ್ಟರು ನಮ್ಮ ಹುಂಜವಿದ್ದ ಗೂಡಿನವರ ರೆಕ್ಕೆಗೆ ಲಸಿಕೆ ಚುಚ್ಚಿದ್ದರು. ವಾರದ ನಂತರ ಅಲ್ಲಿ ಪುಟ್ಟ ಹಕ್ಕಳೆ ಕಟ್ಟಿದರೆ ಲಸಿಕೆ ಹಿಡಿಯಿತೆಂದು ಅರ್ಥ. ಅಂದು ಸೂಜಿಗೆ ಹೆದರಿ ಅಟ್ಟ ಹತ್ತಿದ್ದ ಹುಂಜ, ತಪಾಸಣೆಯ ದಿನ ರೆಕ್ಕೆಗೆ ರಾಗಿಮುದ್ದೆಯ ಚೂರು ಮೆತ್ತಿಕೊಂಡು ಬಂತು.

"ನೋಡಿ, ನನ್ನ ಹಕ್ಕಳೆಯೇ ಎಲ್ಲರದಕ್ಕಿಂತ ದೊಡ್ಡದು!"

ಮುದಿ ಹೇಂಟೆ ಅದನ್ನು ಕುಕ್ಕಿ ನುಂಗಿತು. "ರುಚಿಯಾಗಿದೆ ಕಣಪ್ಪ, ಉಪ್ಪು ಮಾತ್ರ ಕಡಿಮೆ. ನಾಳೆ ಜುಟ್ಟಿಗೆ ಸಿಡುಬೆದ್ದರೆ ಅಲ್ಲಿಗೂ ಮುದ್ದೆ ಮೆತ್ತುತ್ತೀಯಾ?"

ಹುಂಜ ರೆಕ್ಕೆಯಿಂದ ಜುಟ್ಟು ಮುಟ್ಟಿ ನೋಡಿಕೊಂಡಿತು. ಅದು ಡಾಕ್ಟರ ಮುಂದೆ ತಾನೇ ರೆಕ್ಕೆ ಎತ್ತಿ ಕಣ್ಣು ಮುಚ್ಚಿಕೊಂಡಿತು.

ಇಲ್ಲಿ ಹುಂಜವೆಂದರೆ ಬರೀ ಹುಂಜವಲ್ಲ. ಅಂದರೆ, ಮಗುವಿಗೆ ದಡಾರದ ಚುಚ್ಚುಮದ್ದು ಹಾಕಿಸದೆಯೇ ಹಾಕಿಸಿಯಾಯಿತು ಎಂದು ಸುಳ್ಳು ಹೇಳುವ ನನ್ನಂಥ... ಬಂದೆ ನರ್ಸಮ್ಮ, ಮಗುವನ್ನು ಎತ್ತಿಕೊಂಡೇ ಬಂದೆ!