ಹಾಸಿನ ಬಯಲಿಗೆ ಬಿದ್ದ ಗೂಟ

"ಕೇಳಿರಿ, ಕೇಳಿರಿ! ನೂಲಗೇರಿಯ ಬಯಲಿನಲ್ಲಿ ಮಹಾರಾಜರ ವಿಲಾಸಮಂದಿರ ಏಳಲಿದೆ. ಬಯಲು ತಮಗೆ ಬೇಕೆನ್ನುವವರು ರಾಜಮಾತೆಯ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಬಯಲು ಸ್ವಂತ. ತಪ್ಪಿದವರಿಗೆ ತಲೆದಂಡ!"

ಒಗಟಿನ ಷರತ್ತು ರಾಜಮಾತೆಯದು. ಅವಳ ಒಪ್ಪಿಗೆಯಿಲ್ಲದೆ ಆ ನಾಡಿನಲ್ಲಿ ಅರಸನೂ ಏನನ್ನೂ ಕಟ್ಟುವಂತಿರಲಿಲ್ಲ. ತಲೆದಂಡದ ಮಾತು ಮಾತ್ರ ಅರಸನದು, ಯಾರೂ ಮುಂದೆ ಬಾರದಿರಲಿ ಎಂದು.

ಡಂಗುರ ಕೇಳಿ ನೇಕಾರರ ಹುಡುಗಿ ಮಾಳವ್ವನಿಗೆ ಮೈಯೆಲ್ಲ ಉರಿಯಿತು. ಆ ಬಯಲಿನಲ್ಲೇ ಅವರು ಹಾಸು ಎಳೆಯುತ್ತಿದ್ದರು. ಹಾಸು ಎಂದರೆ ಬಟ್ಟೆಯ ಉದ್ದದ ಎಳೆಗಳು. ಗಂಜಿ ಹಚ್ಚಿ, ಬಿಗಿಯಾಗಿ ಎಳೆದು ಒಣಗಿಸಲು ಉದ್ದನೆಯ ಜಾಗ ಬೇಕು, ಓಣಿಯವರೆಲ್ಲರ ಕೈಯೂ ಬೇಕು. ಬಯಲು ಹೋದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಒಲೆ ಉರಿಯುವುದಿಲ್ಲ.

ಅರಸನ ಆಳುಗಳು ಅಂಚಿನಲ್ಲಿ ಗೂಟ ಹೊಡೆಯುತ್ತಿದ್ದಂತೆ ಓಣಿಯವರು ಉಳಿದ ಬಯಲಿನ ತುಂಬ ಹಾಸು ಎಳೆದು ನಿಂತರು. ಎಳೆ ಕಡಿಯದೆ ಮುಂದಿನ ಗೂಟ ಹೊಡೆಯುವಂತಿರಲಿಲ್ಲ.

"ಕಡೀರಿ ನೋಡೋಣ! ನಿಮ್ಮ ದೊರೆಯ ಪಂಚೆಯೂ ಇದರಲ್ಲೇ ಐತಿ" ಎಂದಳು ಓಣಿಯ ಹಿರಿಯಳು ಗೌರಜ್ಜಿ.

ಅತ್ತ ಅರಮನೆಗೆ ಮೊದಲು ಹೋದವನು ಸಾಹುಕಾರ ಅಡಿವೆಪ್ಪ. ಬಯಲು ಸಿಕ್ಕರೆ ಅಂಗಡಿ ಸಾಲು ಕಟ್ಟುವ ಎಣಿಕೆ ಅವನದು.

"ತಿಂದಷ್ಟೂ ಹಸಿವು ಹೆಚ್ಚುವುದು ಯಾವುದಕ್ಕೆ?" ಎಂದಳು ರಾಜಮಾತೆ.

"ಬೆಂಕಿಗೆ, ತಾಯಿ."

"ಸೌದೆ ಮುಗಿದರೆ ಬೆಂಕಿ ತಣ್ಣಗಾಗುತ್ತದೆ. ತಪ್ಪು."

ತಲೆದಂಡದ ದಿನದವರೆಗೆ ಅವನನ್ನು ಸೆರೆಗೆ ಎಳೆದೊಯ್ದರು. ಆಮೇಲೆ ಬಂದ ದೇಸಾಯಿ "ಆಸೆಗೆ" ಎಂದು ಸರಿಯಾಗಿಯೇ ಹೇಳಿದ. ಆದರೆ ಎರಡನೆಯದಕ್ಕೆ ಎಡವಿದ.

"ಖಾಲಿಯಿದ್ದರೆ ಎಲ್ಲರಿಗೂ ಒದಗುವುದು, ತುಂಬಿದರೆ ಒಬ್ಬನಿಗಷ್ಟೇ ಆಗುವುದು ಯಾವುದು?"

"ಮಡಕೆ."

"ತುಂಬಿದ ಮಡಕೆಯಿಂದ ಹತ್ತು ಜನ ಕುಡಿಯುತ್ತಾರಪ್ಪ."

ದೇಸಾಯಿಯೂ ಸೆರೆ ಸೇರಿದ. ಆಗ ಮಾಳವ್ವ ಬಂದಳು. ಮೈಯ ಉರಿ ಇನ್ನೂ ಆರಿರಲಿಲ್ಲ. ರಾಜಮಾತೆ ಅವೇ ಎರಡು ಒಗಟು ಕೇಳಿದಳು.

"ತಿಂದಷ್ಟೂ ಹಸಿವು ಹೆಚ್ಚುವುದು, ಅರಮನೆಯಿದ್ದೂ ನಮ್ಮ ಓಣಿಯ ನೆಲ ಬೇಕೆನ್ನುವ ಆಸೆಗೆ. ಎರಡನೆಯದು ಬಯಲು. ಖಾಲಿಯಿದ್ದಾಗ ಅಲ್ಲಿ ಊರೆಲ್ಲ ದುಡಿಯುತ್ತದೆ. ಮಂದಿರ ತುಂಬಿದರೆ ಮಹಾರಾಜರೊಬ್ಬರೇ ಮಲಗುತ್ತಾರೆ."

ರಾಜಮಾತೆ ಕೊನೆಯದನ್ನು ಕೇಳಿದಳು: "ಅರಸನೂ ದಾನ ಕೊಡಲಾಗದ್ದು ಯಾವುದು?"

"ಆಯುಷ್ಯ ಅಂತ ತಪ್ಪು ಹೇಳಿ, ತಲೆ ಇಲ್ಲೇ ಇಟ್ಟು ಹೋಗು" ಎಂದು ಅರಸ ನಕ್ಕ.

"ಅಲ್ಲ. ನೀವು ಕ್ಷಮಿಸಿದರೆ ಸೆರೆಯಲ್ಲಿರುವ ಇಬ್ಬರಿಗೂ ಆಯುಷ್ಯ ಸಿಗುತ್ತದೆ. ಕೊಡಲಾಗದ್ದು, ತನ್ನದಲ್ಲದ್ದು."

ರಾಜಮಾತೆ ತಲೆದೂಗಿದಳು. ಅರಸ ಮುಖ ಸಿಂಡರಿಸಿ, "ಸರಿ, ಬಯಲು ನಿನ್ನ ಹೆಸರಿಗೆ ಕೊಟ್ಟೆ" ಎಂದ.

"ಮತ್ತೆ ಕೊಡಲು ಹೊರಟಿರಲ್ಲ! ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ, ಓಣಿಯದು. ನನಗೆ ಬಹುಮಾನ ಕೊಡುವುದಿದ್ದರೆ ಆ ಇಬ್ಬರನ್ನು ಬಿಡಿ, ಗೂಟಗಳನ್ನು ನಿಮ್ಮ ಕೈಯಾರೆ ಕೀಳಿರಿ."

"ಏಳಪ್ಪ" ಎಂದಳು ರಾಜಮಾತೆ ಮಗನಿಗೆ.

ಸೆರೆಯ ಬಾಗಿಲು ತೆರೆಯಿತು. ಅರಸ ಬಯಲಿಗೆ ಬಂದು ಬಗ್ಗಿ ಬಗ್ಗಿ ಗೂಟ ಕಿತ್ತ. ಒಂದು ಗೂಟ ಹಾಸಿನ ಆಚೆ ಬದಿಗಿತ್ತು. ಅವನು ಅತ್ತ ಕಾಲಿಟ್ಟದ್ದೇ ತಡ, ಗೌರಜ್ಜಿ ಗದರಿದಳು:

"ಏ ದೊರೆ, ಎಳೆ ತುಳೀಬ್ಯಾಡ! ಸುತ್ತು ಹಾಕಿಕೊಂಡು ಬಾ."

ಅರಸ ಸುತ್ತು ಹಾಕಿಕೊಂಡು ಹೋದ.