ಗವಿಬಾಕನ ದಾಳ

ಕರಿಬಂಡೆಯ ಗವಿಯಲ್ಲಿ ಗವಿಬಾಕ ಅಂತ ಒಂದು ಮೃಗವಿತ್ತು. ಅದು ಆಕಳಿಸಿದರೆ ಮೂರು ಊರಿನ ದೀಪಗಳು ಆರುತ್ತಿದ್ದವು. ಆನೆಯನ್ನು ನುಂಗಿ, ಅದರ ದಂತದಲ್ಲೇ ಹಲ್ಲಿನ ಸಂದಿ ಕೆದಕಿಕೊಳ್ಳುತ್ತಿತ್ತು. ಇದು ಕಡಿಮೆ ಮಾಡಿ ಹೇಳಿದ್ದು.

ಆ ಬಂಡೆಯ ತುಂಬ ಜೇನು. ಕೆಳಗಿನ ಹಟ್ಟಿಗೆ ಅದೇ ಅನ್ನ. ಜೇನುಕಾಲ ಬಂದರೆ ಯಾರಾದರೊಬ್ಬ ಹಗ್ಗ ಕಟ್ಟಿಕೊಂಡು ಇಳಿಯಲೇಬೇಕು.

ಇಳಿಯುವವನು ಮೊದಲು ಹೊಳೆದಂಡೆಯ ಕೆಂಚಯ್ಯಗುರುವಿನ ಅಂಗಳದಲ್ಲಿ ಆಟ ಆಡಬೇಕು. ಮರಳಿನ ಬಂಡೆ, ಮಣ್ಣಿನ ಮನುಷ್ಯ, ಮಣ್ಣಿನ ಗವಿಬಾಕ. ಆಡುವವನ ದಾಳ ಎಲ್ಲರ ಕಣ್ಣೆದುರು. ಮೃಗದ ದಾಳ ಮಾತ್ರ ಮೊರದ ಮರೆಯಲ್ಲಿ. ಅದನ್ನು ಹಾಕುವವನು ಶಿಷ್ಯ ಸಿರಿಯ.

ಆಟದಲ್ಲಿ ಸತ್ತವನು ಬಂಡೆಗೆ ಹೋಗುವಂತಿಲ್ಲ. ಮುಂದಿನವನು ಕೂರಬೇಕು.

ಆ ವರ್ಷ ಮೊದಲು ಕೂತವನು ಸಿರಿಯನ ಜೀವದ ಗೆಳೆಯ ಬೊಮ್ಮ.

"ಹೋದ ಮೂರು ಸಲವೂ ಮಣ್ಣಿನ ಮೃಗದ ಕೈಲಿ ಸತ್ತೆ ಕಣೋ," ಅಂದ ಬೊಮ್ಮ. "ನಮ್ಮ ಭಾವಮೈದುನರು ನನ್ನ ತಿಥಿ ಯಾವಾಗ ಅಂತ ನನ್ನನ್ನೇ ಕೇಳ್ತಾರೆ."

"ಮೃಗ ಬಾಯಿ ತೆರೀತು. ಏನು ಮಾಡ್ತೀಯ?" ಅಂದ ಸಿರಿಯ.

"ಹೊಗೆ ಹಾಕ್ತೀನಿ. ಅದು ಸೀನೋದರೊಳಗೆ ಜಾರಿಕೊಳ್ತೀನಿ."

ಸಿರಿಯ ದಾಳ ಹಾಕಿದ. ಎರಡರಲ್ಲೂ ಆರು. ಬೊಮ್ಮನ ಕತೆ ಮುಗಿದಿತ್ತು.

ಸಿರಿಯ ಗೆಳೆಯನ ಮುಖ ನೋಡಿದ. ನಾಲ್ಕನೇ ಸಲ ಆ ಮುಖ ಬಾಡುವುದನ್ನು ನೋಡಲಾಗಲಿಲ್ಲ.

"ಮೃಗದ ಏಟು ತಪ್ಪಿತು," ಅಂದ. "ಗೆದ್ದೆ ಹೋಗು."

ಬೊಮ್ಮ ಕುಣಿಯುತ್ತ ಹೋದ. ಮಾರನೇ ದಿನ ಅವನ ಹಗ್ಗ ಮಾತ್ರ ಬಂತು, ತುದಿ ಜಗಿದ ಹಾಗಿತ್ತು.

ಸಿರಿಯ ಗುರುವಿನ ಕಾಲ ಬಳಿ ಕೂತ. ಗುರು ಮಣ್ಣು ಕಲಸುತ್ತಿದ್ದ.

"ಎಷ್ಟು ಬಿದ್ದಿತ್ತು?"

"ಎರಡೂ ಆರು."

ಗುರು ಮಣ್ಣಿಗೆ ಇನ್ನಷ್ಟು ನೀರು ಹಾಕಿಕೊಂಡ.

ಹಟ್ಟಿಗೆ ಜೇನು ಇನ್ನೂ ಬಂದಿರಲಿಲ್ಲ. ಬೊಮ್ಮನ ತಮ್ಮ ಜಡಿಯ ಬಂದು ಕೂತ.

"ಹಾಕಣ್ಣ ದಾಳ. ಅದರ ಹೊಟ್ಟೆ ಸೀಳಿ ಅಣ್ಣನ್ನ ತರ್ತೀನಿ."

ದಾಳ ಬಿತ್ತು. ಎರಡರಲ್ಲೂ ಒಂದು. ಜಡಿಯ ಗೆದ್ದಿದ್ದ.

ಆ ಮನೆಯಿಂದ ಇನ್ನೊಂದು ಜೀವ ಬೇಡ ಅನ್ನಿಸಿತು ಸಿರಿಯನಿಗೆ.

"ಸತ್ತೆ," ಅಂದ. "ಎದ್ದು ಮನೆಗೆ ನಡಿ."

ಜಡಿಯ ಮರಳಿಗೆ ಉಗಿದು ಹೋದ.

ಮುಂದಿನ ಸರದಿ ದ್ಯಾವನದು. ಹಟ್ಟಿಯ ಕೊನೇ ಗುಡಿಸಲಿನವನು, ಮಾತು ಕಡಿಮೆ. ಸಿರಿಯನಿಗೆ ಅವನು ಅಷ್ಟಾಗಿ ಗೊತ್ತಿರಲಿಲ್ಲ. ದಾಳ ಹಾಕಿದ. ಮೃಗದ ಏಟು ತಪ್ಪಿತು. ಸಿರಿಯ ಬಿದ್ದದ್ದನ್ನೇ ಹೇಳಿದ.

"ಆಗಲಿ," ಅಂತ ದ್ಯಾವ ಹಗ್ಗ ಎತ್ತಿಕೊಂಡ.

ಹೊತ್ತು ಇಳಿಯುವಾಗ ಬಂಡೆಯ ಕಡೆಯಿಂದ ಬಿಸಿಗಾಳಿ ಬೀಸಿತು. ಹಟ್ಟಿಯ ಒಲೆಗಳೆಲ್ಲ ಒಟ್ಟಿಗೆ ಆರಿದವು. ಮೇಲಿಂದ ಹಗ್ಗ ಎಳೆದವರಿಗೆ ಭಾರವೇ ಸಿಗಲಿಲ್ಲ. ದ್ಯಾವನ ಹೆಂಡತಿಯ ಕೂಗು ಅಂಗಳದವರೆಗೂ ಕೇಳಿತು.

ಸಿರಿಯ ಗುರುವಿನ ಮುಂದೆ ಬಂದು ನಿಂತ.

"ದ್ಯಾವನಿಗೆ ನಾನು ಸುಳ್ಳು ಹೇಳಲಿಲ್ಲ, ಗುರುವೇ. ಅವನ ದಾಳ ನಿಜದ್ದು."

"ಜಡಿಯನದು?"

"ಅವನು ಗೆದ್ದಿದ್ದ. ಉಳಿಯಲಿ ಅಂತ ಸತ್ತೆ ಅಂದೆ. ಅದಕ್ಕೇ ದ್ಯಾವ ಕೂತ."

ಕೆಂಚಯ್ಯ ಕೈಯ ಮಣ್ಣು ಒರೆಸಿಕೊಂಡ.

"ನಿನ್ನನ್ನ ಕೂರಿಸಿದ್ದು ಗವಿಬಾಕನ ದಾಳ ಹಾಕೋದಕ್ಕೆ, ಮಗ. ಅದಕ್ಕೆ ಊಟ ಆರಿಸಿ ಬಡಿಸೋ ಕೆಲಸ ಯಾವಾಗ ಹಿಡಿದೆ?"