ನಾಲ್ಕು ಕವಡೆಯ ಗುಡ್ಡ

ಹಿಂದೊಂದು ಕಾಲದಲ್ಲಿ, ಕುಂಬಾರ ಕೇರಿಯ ದೊಡ್ಡತಾಯಮ್ಮ ಮಡಕೆ ಸುಡುವ ಆವಗೆಯ ಮುಂದೆ ಅರಮನೆ ಉಗ್ರಾಣದ ಪಾರುಪತ್ಯಗಾರ ತಿರುವೆಂಗಡಯ್ಯನವರು ಬಂದು ನಿಂತರು.

"ಏ ಕುಂಬಾರಗಿತ್ತಿ, ಒಳಗೆ ನಲವತ್ತು ಮಡಕೆ ಬೇಯ್ತಿವೆಯಲ್ಲ, ಒಡೆಯದೆ ಎಷ್ಟು ಬರುತ್ತವೆ? ಒಂದೇ ಸಂಖ್ಯೆ ಹೇಳು. ತಪ್ಪಿದರೆ ಅರಮನೆ ಕೆಲಸ ಬೇರೆಯವರಿಗೆ!"

ತಾಯಮ್ಮ ಮಡಿಲಿನಿಂದ ನಾಲ್ಕು ಕವಡೆ ತೆಗೆದು ಅವರ ಕೈಗಿತ್ತಳು. "ಹೇಳ್ತೀನಿ ಬುದ್ಧಿ. ಮೊದಲು ಇವನ್ನ ಎಸೆದರೆ ಎಷ್ಟು ಅಂಗಾತ ಬೀಳ್ತವೆ, ತಾವು ಹೇಳಿ."

"ನಾಲ್ಕೂ!" ಎಂದು ಎಸೆದರು. ಎರಡು ಅಂಗಾತ ಬಿದ್ದವು. ಮತ್ತೆ ಎಸೆದರು, ಮೂರು. ಹಟ ಹಿಡಿದು ಮೂವತ್ತು ಸಲ ಎಸೆದರು. ತಾಯಮ್ಮ ನೆಲದ ಮೇಲೆ ಸೊನ್ನೆಯಿಂದ ನಾಲ್ಕರವರೆಗೆ ಒಂದೊಂದು ಸಾಲು ಮಾಡಿ, ಪ್ರತಿ ಸಲವೂ ಅಂಗಾತ ಬಿದ್ದ ಸಂಖ್ಯೆಯ ಸಾಲಿಗೆ ಒಂದು ಕಲ್ಲು ಸೇರಿಸಿದಳು. ಎರಡರ ಸಾಲು ಎಲ್ಲಕ್ಕಿಂತ ಉದ್ದವಾಯಿತು. ಸೊನ್ನೆಗೂ ನಾಲ್ಕಕ್ಕೂ ಎರಡೆರಡೇ ಕಲ್ಲು.

"ಅರೆ, ನಡುವೆ ಗುಡ್ಡ ಎದ್ದ ಹಾಗಿದೆಯಲ್ಲ!" ಪಾರುಪತ್ಯಗಾರರು ನೆಲದ ಮೇಲೇ ಕುಕ್ಕರಿಸಿದರು.

"ಮುಂದಿನ ಎಸೆತ ಯಾರಿಗೂ ಗೊತ್ತಿಲ್ಲ ಬುದ್ಧಿ. ಗುಡ್ಡ ಎಲ್ಲೇಳುತ್ತೆ ಅಂತ ಗೊತ್ತು. ನನ್ನ ಆವಗೆಗೂ ಒಂದು ಗುಡ್ಡ ಐತೆ. ಹೆಚ್ಚು ಸಲ ಮೂವತ್ನಾಲ್ಕರಿಂದ ಮೂವತ್ತೆಂಟು ಬರ್ತವೆ. ನಲವತ್ತೂ ಬಂದದ್ದು ಹತ್ತು ವರ್ಷದಲ್ಲಿ ಎರಡೇ ಸಲ."

ಅವರು ಒಂದೇ ಸಂಖ್ಯೆಯ ಹಟ ಬಿಟ್ಟು, ಅವಳು ಹೇಳಿದ ಹಾಗೆಯೇ ಬರೆದುಕೊಂಡು, "ಕೆಲಸ ನಿನ್ನದೇ" ಎಂದು ಹೊರಟರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಮೆಲ್ಲಗೆ ಕೇಳಿದರು:

"ತಾಯಮ್ಮಾ, ಐದು ಕವಡೆ ಎಸೆದರೆ ಗುಡ್ಡ ಎಲ್ಲೇಳುತ್ತೆ?"